ಮಲೇರಿಯಾ ಗುಳಿಗೆಯ ವಾಕ್ಯಾರ್ಥ

ನನ್ನ ಅಣ್ಣ ಸತ್ಯಬೋಧ ಒಮ್ಮೆಯಾದರೂ ವಾದದಲ್ಲಿ ಸೋಲುವುದನ್ನು ನೋಡಬೇಕೆಂದು ನನಗೆ ಬಹುಕಾಲದಿಂದ ಆಸೆಯಿತ್ತು. ನೋಡಿದೆ. ಸೋಲಿಸಿದವಳು ನನ್ನ ಮಗಳು ಮಯೂರಿ. ಇದನ್ನು ನಾನು ಕಂಡಕಂಡವರಿಗೆಲ್ಲ ಹೇಳುತ್ತೇನೆಂದು ಹೆಂಡತಿ ರುಕ್ಮಿಣೀಬಾಯಿ ಬೈಯುತ್ತಾಳೆ. ಬೈಯಲಿ. ಹೆತ್ತವರು ಮಕ್ಕಳನ್ನು ಹೊಗಳಬಾರದೆಂಬ ನಿಯಮ ಮಾಡಿದವನಿಗೆ ಹೊಗಳುವಂಥ ಮಕ್ಕಳು ಇರಲಿಲ್ಲವೆಂದು ಕಾಣುತ್ತದೆ.

ಅಣ್ಣ ತರ್ಕಶಾಸ್ತ್ರ ಓದಿದವನು. ಪಂಡಿತರು ಎದುರುಬದುರು ಕೂತು ಒಂದು ಪ್ರಶ್ನೆ ಹಿಡಿದು ವಾದಿಸುವುದಕ್ಕೆ ವಾಕ್ಯಾರ್ಥ ಎನ್ನುತ್ತಾರೆ. ಅದಕ್ಕೆಂದು ಹೋದಲ್ಲೆಲ್ಲ ಅವನು ಗೆದ್ದವರಿಗೆ ಹೊದಿಸುವ ಶಾಲು ಹೊದ್ದೇ ಮನೆಗೆ ಬಂದಿದ್ದಾನೆ. ನಾನು ಬಾದಾಮಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು. ಇಬ್ಬರೂ ಒಂದೇ ಮನೆಯಲ್ಲಿದ್ದೇವೆ, ಜಗಳವಿಲ್ಲ. ಆದರೆ ಉಪ್ಪಿನಕಾಯಿಗೆ ಎಣ್ಣೆ ಎಷ್ಟಿರಬೇಕೆಂಬ ಮಾತಿಗೂ ಅವನು ಮೊದಲು ಖಂಡಿಸಬೇಕಾದ ಪೂರ್ವಪಕ್ಷ, ಕೊನೆಗೆ ನಿಲ್ಲುವ ಸಿದ್ಧಾಂತ ಎಂದು ಶುರು ಮಾಡಿಬಿಡುತ್ತಾನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಸೋತಿರುತ್ತೇನೆ. ಮೈ ಉರಿಯುತ್ತದೆ, ಏನು ಮಾಡುವುದು?

ಕೊರೋನಾ ಬಂದ ಮೊದಲ ಬೇಸಿಗೆ ಅದು. ಗುಹೆ ನೋಡಲು ಬರುವ ಜನ ನಿಂತುಹೋಗಿದ್ದರು, ಅವರು ಕೊಡುವ ಬಾಳೆಹಣ್ಣು, ಶೇಂಗಾ ಇಲ್ಲದೆ ಹಸಿದ ಮಂಗಗಳು ನಮ್ಮ ಅಂಗಳಕ್ಕೇ ಇಳಿಯುತ್ತಿದ್ದವು. ಬಾಗಲಕೋಟೆಯಲ್ಲಿ ಒಬ್ಬ ವೃದ್ಧರು ತೀರಿಕೊಂಡ ಸುದ್ದಿ ಕೇಳಿದ ಮೇಲೆ ಅಣ್ಣ ಹೊಸ್ತಿಲು ದಾಟುವುದನ್ನೇ ಬಿಟ್ಟ. ಅವನಿಗೂ ವಯಸ್ಸಾಗಿದೆ, ಮೇಲಾಗಿ ಹೃದಯದ ತೊಂದರೆ. ಪೇಪರನ್ನು ಹಪ್ಪಳದ ಹಾಗೆ ಬಿಸಿಲಿಗೆ ಹರವಿ ಆಮೇಲೆ ಓದುತ್ತಿದ್ದ. ಅಷ್ಟರಲ್ಲಿ ಮಲೇರಿಯಾಕ್ಕೆ ಕೊಡುವ ಒಂದು ಹಳೆಯ ಗುಳಿಗೆ ಈ ಹೊಸ ರೋಗಕ್ಕೂ ನಾಟುತ್ತದಂತೆ ಎಂದು ಟಿವಿಯಲ್ಲಿ ಬಂತು. ಅಣ್ಣನ ಮಗ ಶಿರೀಷನದು ಕುಳಗೇರಿ ಕ್ರಾಸಿನಲ್ಲಿ ಮೆಡಿಕಲ್ ಅಂಗಡಿ. ಸರಕಾರ ಮಾರಾಟ ಬಿಗಿ ಮಾಡುವ ಮೊದಲೇ ಅವನು ಬಾದಾಮಿ, ಹುನಗುಂದ, ಇಳಕಲ್ಲಿನ ಅಂಗಡಿಗಳಲ್ಲಿ ಇದ್ದಬಿದ್ದ ಗುಳಿಗೆಯನ್ನೆಲ್ಲ ಬಳಿದು ತಂದು, ಚಕ್ಕುಲಿ ಡಬ್ಬಿಗೆ ತುಂಬಿ ದೇವರ ಮನೆಯಲ್ಲಿಟ್ಟ. ನಮಗಷ್ಟೇ ಅಲ್ಲ, ಹುನಗುಂದ ಮತ್ತು ಇಳಕಲ್ಲಿನ ದಾಯಾದಿಗಳಿಗೂ ಅದರಲ್ಲಿ ಪಾಲಿತ್ತು.

ಮಯೂರಿ ಬಾಗಲಕೋಟೆಯಲ್ಲಿ ಡಾಕ್ಟರು. ಒಂದು ಭಾನುವಾರ ಲಾಕ್‌ಡೌನಿನ ಪಾಸು ಹಿಡಿದು ಬಂದಳು. ಒಳಗೆ ಬರಲಿಲ್ಲ, ಮುಖಕ್ಕೆ ಮಾಸ್ಕು ಹಾಕಿಕೊಂಡೇ ಹೊರಗಿನ ಕಟ್ಟೆಯ ಮೇಲೆ ಕೂತಳು.

"ಶಿರೀಷ, ಆ ಡಬ್ಬಿ ನನಗ ಬೇಕು," ಎಂದಳು. "ಗುಳೇದಗುಡ್ಡದಾಗ ಮಾದೇವಿ ಅಂತ ನನ್ನ ಪೇಷಂಟ್ ಇದ್ದಾಳ. ಕುಬಸದ ಖಣಾ ನೇಯತಾಳ. ಅಕಿಗೆ ಸಂದಿವಾತ. ಇದ ಗುಳಿಗಿ ಮ್ಯಾಲೆ ಅಕಿ ಕೈ ಆಡ್ತಿದ್ವು. ಈಗ ಯಾವ ಅಂಗಡ್ಯಾಗೂ ಇಲ್ಲ. ಕೈಬಳ್ಳು ಬಾತು ಮಗ್ಗದ ಲಾಳಿ ಹಿಡಿಲಿಕ್ಕೆ ಬರವಲ್ತು. ಅಕಿಯಂಥವರು ಇನ್ನೂ ಇದ್ದಾರ."

ಶಿರೀಷ ತಂದೆಯ ಮುಖ ನೋಡಿದ. ಅಣ್ಣ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತಿದ್ದವನು ಕದಲಲಿಲ್ಲ.

"ಆ ಹೆಣ್ಣಮಗಳದು ಕೈ ಪ್ರಶ್ನೆ, ನಮ್ಮದು ಜೀವದ ಪ್ರಶ್ನೆ. ಕೊಡೂದಿಲ್ಲ."

ನನ್ನ ಮಗಳು ಅಳಲಿಲ್ಲ, ಗೋಗರೆಯಲಿಲ್ಲ. "ಹಂಗಾರ ವಾಕ್ಯಾರ್ಥ ಮಾಡೋಣು, ದೊಡ್ಡಪ್ಪಾ. ನೀವು ಸೋತ್ರ ಡಬ್ಬಿ ನಂದು," ಎಂದಳು.

ಮಂಗ ಓಡಿಸಲು ಕೋಲು ಹಿಡಿದು ನಿಂತಿದ್ದ ರುಕ್ಮಿಣೀಬಾಯಿ ಕೋಲನ್ನು ಹಾಗೇ ಎತ್ತಿಕೊಂಡು ನಿಂತಳು. ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ವಾಕ್ಯಾರ್ಥವನ್ನು ಕೇಳಿಸಿಕೊಂಡಿದ್ದಾರೆ ಹೊರತು ಮಾಡಿದ್ದಿಲ್ಲ. ಮಯೂರಿಯೂ ಅಷ್ಟೇ, ಅಣ್ಣ ಶಿಷ್ಯರಿಗೆ ಪಾಠ ಹೇಳುವಾಗ ಅದೇ ಪಡಸಾಲೆಯ ಮೂಲೆಯಲ್ಲಿ ಸಾಲೆಯ ಅಭ್ಯಾಸ ಬರೆಯುತ್ತ ಬೆಳೆದವಳು.

ಅಣ್ಣ ನಕ್ಕ. "ನಿಯಮಾ ಗೊತ್ತದೇನವಾ?"

"ಮೊದಲ ನಿಮ್ಮ ಪಕ್ಷಾ ನಾ ಹೇಳಬೇಕು. ಹೌದು, ಇದ ನನ್ನ ಪಕ್ಷಾ ಅಂತ ನೀವು ಒಪ್ಪೂತನಕಾ ನನ್ನ ಮಾತು ಆಡೂಹಂಗಿಲ್ಲ."

ಪಾಲುದಾರರಿಗೂ ಕೇಳಲಿ ಎಂದು ಶಿರೀಷ ಹುನಗುಂದಕ್ಕೂ ಇಳಕಲ್ಲಿಗೂ ವಿಡಿಯೋ ಕಾಲ್ ಹಚ್ಚಿ, ಫೋನನ್ನು ತಂಬಿಗೆಗೆ ಆನಿಸಿ ನಿಲ್ಲಿಸಿದ. ಲಾಕ್‌ಡೌನಿನಲ್ಲಿ ಬೇಸತ್ತು ಕೂತವರು, ಎರಡೂ ಕಡೆ ಮನೆಮಂದಿಯೆಲ್ಲ ನೆರೆದರು.

ಮಯೂರಿ ಶುರು ಮಾಡಿದಳು. ರೋಗ ಹೊಸದು, ಅದಕ್ಕೆಂದೇ ಮಾಡಿದ ಔಷಧವಿಲ್ಲ. ಈ ಗುಳಿಗೆ ಹಳೆಯದು, ಸೋವಿ, ಲಕ್ಷಾಂತರ ಜನ ನುಂಗಿ ಅರಗಿಸಿಕೊಂಡದ್ದು. ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಅದು ಈ ವೈರಾಣುವನ್ನು ತಡೆದಿದೆ. ಪರದೇಶದಲ್ಲಿ ಕೆಲವು ರೋಗಿಗಳಿಗೆ ಕೊಟ್ಟಾಗ ಬೇಗ ಗುಣವಾದರೆಂದು ವರದಿಯಿದೆ. ದವಾಖಾನೆಯ ಸಿಬ್ಬಂದಿಗೆ ಮುಂಜಾಗ್ರತೆಯಾಗಿ ತೆಗೆದುಕೊಳ್ಳಲು ಸರಕಾರವೇ ಹೇಳಿದೆ. ಪೂರ್ತಿ ಪುರಾವೆ ಬರುವವರೆಗೆ ಕಾಯುತ್ತ ಕೂತರೆ ಅಷ್ಟರಲ್ಲಿ ಸಾಯುವವರ ಗತಿಯೇನು? ಅವಳು ಹೇಳಿದ ರೀತಿಗೆ, ಸುಳ್ಳೇಕೆ ಹೇಳಲಿ, ನಾನೇ ಎದ್ದು ಹೋಗಿ ಒಂದು ಗುಳಿಗೆ ನುಂಗಿ ಬರೋಣವೆನ್ನಿಸಿತು. ಮಗಳು ತನ್ನ ಕೈಯಾರೆ ಕೆಲಸ ಕೆಡಿಸಿಕೊಂಡಳೆಂದು ನನಗೆ ಸಿಟ್ಟೂ ಬಂತು.

"ನಾ ಇಷ್ಟು ಛಂದ ಹೇಳ್ತಿದ್ದಿಲ್ಲ," ಎಂದ ಅಣ್ಣ. "ಇದ ನನ್ನ ಪಕ್ಷಾ. ಖಂಡಿಸು."

"ತಗೊಂಡವರು ಆರಾಮ ಆದರು ಅಂತೀರಿ. ಅದು ಅನ್ವಯ. ವ್ಯತಿರೇಕ ಎಲ್ಲೆದ, ದೊಡ್ಡಪ್ಪಾ?"

ತರ್ಕ ಓದಿದವರಿಗೆ ಇದು ಅಕ್ಷರಮಾಲೆಯಷ್ಟು ಹಳೆಯ ಪಾಠ. ಇದು ಇದ್ದಲ್ಲಿ ಅದೂ ಇದೆ ಎಂದು ತೋರಿಸುವುದು ಅನ್ವಯ. ಇದು ಇಲ್ಲದಲ್ಲಿ ಅದೂ ಇಲ್ಲ ಎಂದು ತೋರಿಸುವುದು ವ್ಯತಿರೇಕ. ಎರಡೂ ಕೂಡಿದರೆ ಸಂಬಂಧ ಗಟ್ಟಿ. ಅಣ್ಣ ನಗುವುದನ್ನು ನಿಲ್ಲಿಸಿ ನೆಟ್ಟಗೆ ಕೂತ.

"ಗುಳಿಗಿ ಇಲ್ದವರು ಆರಾಮ ಆಗಿರಬಾರದು ಅಂತೀ."

"ಭಾಳ ಮಂದಿ ಆಗ್ಯಾರ. ಏನೂ ತಗೊಳ್ದನ ಆಗ್ಯಾರ."

"ತಗೊಂಡವರು ಹೆಚ್ಚು ಆಗಿರಬಹುದಲ್ಲ?"

"ಆಗಿರಬಹುದು. ಅದನ್ನ ನೋಡಬೇಕಂದ್ರ ಎರಡು ಪಂಕ್ತಿ ಕೂಡಿಸಬೇಕು, ತಗೊಂಡವರದೊಂದು, ತಗೊಳ್ದವರದೊಂದು. ಯಾರು ಯಾವ ಪಂಕ್ತಿಗೆ ಅಂತ ಚೀಟಿ ಎತ್ತಬೇಕು, ಇಲ್ಲಾಂದ್ರ ಗಟ್ಟಿಮುಟ್ಟ ಇದ್ದವರೆಲ್ಲಾ ಒಂದ ಕಡೆ ಬಂದು ಕೂಡ್ತಾರ. ಅಂಥಾ ಪರೀಕ್ಷಾ ಈಗ ನಡದಾವ. ಫಲಾ ಇನ್ನೂ ಬಂದಿಲ್ಲ."

"ಹಂಗಾರ ನಿನ್ನ ಸಿದ್ಧಾಂತ ಏನು? ಈ ಗುಳಿಗಿ ಕೆಲಸಾ ಮಾಡೂದಿಲ್ಲ, ಅಷ್ಟ ಅಲ್ಲೇನು?"

ಅಣ್ಣನ ಈ ಪಟ್ಟು ನನಗೆ ಗೊತ್ತು; ಎದುರಾಳಿ ಹೌದೆಂದರೆ ಸಾಕು, ಸಾಧಿಸುವ ಭಾರವೆಲ್ಲ ಅವನ ತಲೆಯ ಮೇಲೆ ಬೀಳುತ್ತದೆ. ಮಯೂರಿ ಹೌದೆನ್ನಲಿಲ್ಲ.

"ಅಲ್ಲ. ಮಾಡ್ತದೋ ಇಲ್ಲೋ, ನನಗ ಗೊತ್ತಿಲ್ಲ."

ಫೋನಿನೊಳಗೆ ಇಳಕಲ್ಲಿನವರು ಗೊಳ್ಳೆಂದು ನಕ್ಕರು. "ಗೊತ್ತಿಲ್ಲ ಅನ್ನೂದು ಸಿದ್ಧಾಂತ ಅಲ್ಲ," ಎಂದ ಅಣ್ಣ.

"ಅಲ್ಲ, ಅದು ಸಂಶಯ. ಮೊದಲ ವಿಷಯ, ಆಮ್ಯಾಲೆ ಸಂಶಯ, ಆಮ್ಯಾಲೆ ಪೂರ್ವಪಕ್ಷ, ಕಡೀಕ ಸಿದ್ಧಾಂತ. ಸಂಶಯಾನೂ ವಿಚಾರದ ಅಂಗ ಅಂತ ಶಿಷ್ಯರಿಗೆ ನೀವ ಹೇಳ್ತೀರಿ. ಈಗ ನೀವ ಅದನ್ನ ಜಿಗದು ಸಿದ್ಧಾಂತಕ್ಕ ಹೋಗಿ ಕೂತೀರಿ." ಅವಳು ಉಸಿರು ತೆಗೆದುಕೊಂಡಳು. ದನಿ ಏರಲಿಲ್ಲ. "ಮಾದೇವಿ ವಿಷಯದಾಗ ಸಂಶಯ ಇಲ್ಲ. ಅಕಿ ರೋಗಕ್ಕ ಎರಡು ಪಂಕ್ತಿ ಪರೀಕ್ಷಾ ಎಂದೋ ಆಗೇದ. ಅಕಿ ಮೈಯಾಗೂ ಅದನ್ನ ನೋಡ್ರಿ. ಗುಳಿಗಿ ಇತ್ತು, ಕೈ ಆಡ್ತಿದ್ವು. ಗುಳಿಗಿ ತಪ್ಪಿತು, ಕೈ ನಿಂತ್ವು. ಅನ್ವಯಾನೂ ಅದ, ವ್ಯತಿರೇಕಾನೂ ಅದ. ಸಂಶಯ ಇದ್ದಲ್ಲೆ ಇಟಗೋಳಿಕ್ಕೆ ನಿಶ್ಚಯ ಇದ್ದಲ್ಲಿಂದ ಕಸಗೋತೀರೇನು, ದೊಡ್ಡಪ್ಪಾ?"

ಅಣ್ಣ ದೇವರ ಮನೆಯ ಕಡೆ ತಿರುಗಿ ನೋಡಿದ. ಸಾವಿನ ಭಯ ಅವನ ಮುಖದ ಮೇಲೇ ಇತ್ತು. ಆಸೆಪಟ್ಟು ಕಾದಿದ್ದ ನನಗೂ ಆ ಗಳಿಗೆಯಲ್ಲಿ ಪಾಪವೆನ್ನಿಸಿತು. ಬೇಡ, ಒಂದೆರಡು ಹಾಳೆ ಗುಳಿಗೆಯಾದರೂ ಅವನಿಗಿರಲಿ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಎದ್ದು ದೇವರ ಮನೆಗೆ ಹೋಗಿ ಡಬ್ಬಿ ತಂದ. ಹೊಸ್ತಿಲ ಮೇಲಿಟ್ಟು, ಗೂಟದಲ್ಲಿದ್ದ ತನ್ನ ಶಾಲನ್ನು ಮಡಚಿ ಅದರ ಮೇಲಿಟ್ಟ.

"ಇದಕ್ಕ ನನ್ನ ಹತ್ರ ಪರಿಹಾರ ಇಲ್ಲ. ಸೋತೆ," ಎಂದ.

"ಸತ್ಯಬೋಧಾ, ಹುಡುಗಿ ಮುಂದ ಸೋತೇನೋ?" ಎಂದು ಇಳಕಲ್ಲಿನಿಂದ ಯಾರೋ ಕೂಗಿದರು.

"ಹೌದೋ. ನಿಮ್ಮನ್ಯಾಗ ಇಂಥಾಕಿ ಇದ್ರ ಕಳಸು, ಅಕಿ ಮುಂದೂ ಸೋಲ್ತೇನಿ. ಅದಿರಲಿ, ನಿಮ್ಮ ಪಾಲಿನ ಗುಳಿಗೀನೂ ಹೋದ್ವು ಅಂತ ತಿಳಕೋರಿ," ಎಂದು ಅಣ್ಣ ಫೋನನ್ನು ಮಗುಚಿ ಹಾಕಿದ.

ಮಯೂರಿ ಶಾಲನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಮೆಲ್ಲಗೆ, "ದೊಡ್ಡಪ್ಪಾ, ಈಗ ಡಾಕ್ಟರಾಗಿ ಒಂದು ಮಾತು ಹೇಳ್ತೇನಿ. ಈ ಗುಳಿಗಿ ಎದಿ ಬಡಿತಾ ತಪ್ಪಸಬಹುದು. ನಿಮ್ಮಂಥವರು ನಮ್ಮನ್ನ ಕೇಳದನ ಮುಟ್ಟೂಹಂಗಿಲ್ಲ," ಎಂದಳು.

"ಇದನ್ನ ಮೊದಲ ಹೇಳಿದ್ರ ವಾದಾನ ಬೇಕಾಗಿದ್ದಿಲ್ಲಲ್ಲ!"

"ನೀವು ಅಂಜಿ ಕೊಡ್ತಿದ್ರಿ. ನನಗ ನೀವು ಒಪ್ಪಿ ಕೊಡೂದು ಬೇಕಾಗಿತ್ತು."

ಈ ಮಾತು ನನ್ನ ಮಗಳದು. ರುಕ್ಮಿಣೀಬಾಯಿ ಅಳುತ್ತಲೇ ಮಂಗಗಳನ್ನು ಬೈದಳು.

ಡಬ್ಬಿ ಗುಳೇದಗುಡ್ಡ ಮುಟ್ಟಿತು. ಕೆಲವು ವಾರಗಳ ಮೇಲೆ ಮಾದೇವಿ ಮತ್ತೆ ಮಗ್ಗಕ್ಕೆ ಕೂತಳೆಂದು ಮಯೂರಿ ಫೋನಿನಲ್ಲಿ ಹೇಳಿದಳು. ಜೂನಿನಲ್ಲಿ ಪರದೇಶದ ಒಂದು ದೊಡ್ಡ ಪರೀಕ್ಷೆಯ ಫಲವೂ ಬಂತು: ದವಾಖಾನೆ ಸೇರಿದ ಕೊರೋನಾ ರೋಗಿಗಳಿಗೆ ಆ ಗುಳಿಗೆಯಿಂದ ಏನೂ ಲಾಭ ಕಂಡಿರಲಿಲ್ಲ. ನಾನು ಕುಣಿದುಬಿಟ್ಟೆ. ಕೂಡಲೇ ಹುನಗುಂದಕ್ಕೆ ಫೋನು ಹಚ್ಚಿ, "ನೋಡ್ರಿ, ನನ್ನ ಮಗಳು ಗೆದ್ದಳು! ಗುಳಿಗಿ ಕೆಲಸಾ ಮಾಡೂದಿಲ್ಲಂತ!" ಎಂದು ಕೂಗಿದೆ.

ಅಣ್ಣ ಒಳಗಿನಿಂದ ಸಿಟ್ಟಿನಲ್ಲಿ ಬಂದು ನನ್ನನ್ನು ಗದರಿದ. "ಪಂಢರೀ, ಕೆಲಸಾ ಮಾಡ್ತದ ಅಂತ ಫಲಾ ಬಂದಿದ್ರ ಅಕಿ ಸೋತಂಗ ಆಗ್ತಿತ್ತೇನೋ?"

ನಾನು ಫೋನನ್ನು ಕಿವಿಯಿಂದ ಇಳಿಸಿದೆ.

"ಆವತ್ತ ಅಕಿ ಗೊತ್ತಿಲ್ಲ ಅಂದಳು. ಆವತ್ತ ಯಾರಿಗೂ ಗೊತ್ತಿದ್ದಿಲ್ಲ. ಹಂಗಂತ ಹೇಳೂ ಧೈರ್ಯ ನಮ್ಮೆಲ್ಲಾರೊಳಗ ಅಕಿಗೊಬ್ಬಾಕಿಗೆ ಇತ್ತು. ಇವತ್ತ ಫಲಾ ಹಿಂಗ ಬರಲಿ, ಹಂಗ ಬರಲಿ, ಅಕಿ ಆವತ್ತ ಗೆದ್ದಾಳ. ಇಲ್ಲೆ ಕೊಡು, ನಿನಗ ಹೇಳಲಿಕ್ಕೆ ಬರೂದಿಲ್ಲ."

ನನ್ನ ಕೈಯಿಂದ ಫೋನು ಕಿತ್ತುಕೊಂಡು ಅವನು ಪಡಸಾಲೆಯಲ್ಲಿ ಕೂತ. ಹುನಗುಂದದವರಿಗೆ ತನ್ನ ಪೂರ್ವಪಕ್ಷದಿಂದ ಹಿಡಿದು, ಅದು ಎಲ್ಲಿ ಮುರಿಯಿತು, ತಾನು ಯಾವ ಪಟ್ಟು ಹಾಕಿದೆ, ಅವಳು ಅದನ್ನು ಹೇಗೆ ಬಿಡಿಸಿಕೊಂಡಳು ಎಂಬುದನ್ನೆಲ್ಲ ಒಂದಕ್ಷರ ಬಿಡದೆ ಹೇಳಿದ. ಅವರೂ ಅದನ್ನು ಕಣ್ಣಾರೆ ಕಂಡಿದ್ದರು, ಆದರೂ ಹೇಳಿದ. ತನ್ನ ಯಾವ ಗೆಲುವನ್ನೂ ಅಣ್ಣ ಅಷ್ಟು ಸಂತೋಷದಿಂದ ಹೇಳಿದ್ದನ್ನು ನಾನು ಕೇಳಿಲ್ಲ.