ಬಾಗಿಲಲ್ಲಿ ಉಳಿದ ಗಂಟು

"ಸ್ವಲ್ಪ ಓರೆ ಮಾಡಿ! ನಿಮ್ಮ ಕಡೆ ಎತ್ತಿ, ಎತ್ತಿ!"

ಮೆಟ್ಟಿಲ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ಮುಂದೆ ಟೈಲರ್, ಹಿಂದೆ ಅಪ್ಪ. ಹುಡುಗಿ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಬಾಯಿ ತೆರೆದರೆ ಪ್ರಶ್ನೆಯೇ ಬರುತ್ತಿದ್ದರಿಂದ ಎಲ್ಲರೂ ಅವಳನ್ನು ಯಾಕಮ್ಮ ಅನ್ನುತ್ತಿದ್ದರು.

ಪೆಟ್ಟಿಗೆಯಲ್ಲಿದ್ದವಳು ಪಕ್ಕದ ಮನೆಯ ಕಾಜದಜ್ಜಿ. ಟೈಲರ್ ಹೊಲಿದ ಅಂಗಿಗಳಿಗೆ ಮನೆಯಲ್ಲೇ ಕೂತು, ಗುಂಡಿ ತೂರಿಸುವ ಕಾಜ ಹಾಕುತ್ತಿದ್ದಳು. ಹೊರಗೆ ಬಂದದ್ದನ್ನು ಕಂಡವರಿಲ್ಲ.

"ಅಜ್ಜಿ ಯಾಕೆ ಹೊರಗೆ ಬರ್ತಿರ್ಲಿಲ್ಲ?"

"ಜಂಬ ಕಣೆ," ಅಂದಳು ಕೆಳಮನೆ ಅತ್ತೆ.

"ಜಂಬವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ," ಟೈಲರ್ ಏದುಸಿರು ಬಿಟ್ಟ. "ಬಾಗಿಲಲ್ಲಿ ಅಂಗಿಗಳ ಗಂಟು ಇಟ್ಟು ಹೋಗ್ತಿದ್ದೆ, ಕಾಜ ಹಾಕಿ ಅಲ್ಲೇ ಇಟ್ಟಿರ್ತಿದ್ರು. ಈ ಸಲವೂ ಮುಗಿಸಿದಾರೆ ಅಂತ ಎತ್ಕೊಂಡು ಹೋದೆ. ಬಿಚ್ಚಿದ್ರೆ ಒಂದು ಕಾಜವೂ ಇಲ್ಲ! ಕೂಲಿ ಸಾಲ್ದು ಅಂತ ಮುನಿಸ್ಕೊಂಡಿದಾರೆ ಅಂದ್ಕೊಂಡು, ಹಾಗೇ ವಾಪಸ್ ತಂದು ಬಿಸಾಕಿ ಹೋದೆ."

"ಒಳಗೆ ಕುಸಿದು ಬಿದ್ದ ಮೇಲೂ ಅಜ್ಜಿಗೆ ಎರಡು ಮೂರು ದಿನ ಜೀವ ಇತ್ತಂತೆ," ಅಪ್ಪ ಮೆಲ್ಲಗೆ ಅಂದ. "ಡಾಕ್ಟರು ಹೇಳಿದ್ರು."

ಆಮೇಲೆ ಪೆಟ್ಟಿಗೆ ಎತ್ತುವಾಗ ಯಾರೂ ಕೂಗಾಡಲಿಲ್ಲ.

*

ಶಾಲೆಯಿಂದ ಬಂದವಳೇ ಅಜ್ಜಿಯ ಬಾಗಿಲಿಗೆ ಕಿವಿಗೊಡುವುದು ಯಾಕಮ್ಮನ ಚಾಳಿಯಾಗಿತ್ತು. ಕತ್ತರಿಯ ಸದ್ದು, ಕೆಮ್ಮು. ಒಮ್ಮೆ ಒಳಗಿಂದ "ಯಾರೇ ಅದು?" ಎಂದದ್ದೇ ತಡ, ಎದ್ದೆನೋ ಬಿದ್ದೆನೋ ಎಂದು ಓಡಿದ್ದಳು. ಮುಖ ಹೇಗಿರಬಹುದು ಎಂದು ಆ ರಾತ್ರಿಯೆಲ್ಲ ಊಹಿಸಿದ್ದಳು.

ಗಂಟು ವಾಪಸ್ ಬಂದ ದಿನ ಊಟಕ್ಕೆ ಕೂತಾಗ ಹೇಳಿಯೂ ಹೇಳಿದ್ದಳು. "ಅಮ್ಮ, ಅಜ್ಜಿ ಗಂಟು ಮುಟ್ಟೇ ಇಲ್ಲ. ಒಳಗೆ ಸದ್ದೂ ಇಲ್ಲ. ಬಾಗಿಲು ತಟ್ಟೋಣ ಬಾ."

"ಊರ ಉಸಾಬರಿ ನಿನಗ್ಯಾಕೆ? ಅವಳಿಗೇ ನಾವು ಬೇಡ. ತಿನ್ನು ಸುಮ್ನೆ."

"ನಾಳೆ ನೋಡೋಣ ಬಿಡು," ಅಂದಿದ್ದ ಅಪ್ಪ.

ನಾಳೆ ಬಂತು, ಅದರಾಚೆಯ ನಾಳೆಯೂ ಬಂತು. ವಾಸನೆ ಬಂದ ಮೇಲೆಯೇ ಬಾಗಿಲು ಒಡೆಸಿದ್ದು.

*

ಪೆಟ್ಟಿಗೆ ಬೀದಿಗೆ ಇಳಿದ ಮೇಲೆ ಅಮ್ಮ ಪೊರಕೆ ಹಿಡಿದು ಅಜ್ಜಿಯ ಕೋಣೆಗೆ ಹೋದಳು. ಯಾಕಮ್ಮ ಹಿಂದೆಯೇ ನುಸುಳಿದಳು. ಒಂದು ಮಂಚ, ಒಂದು ಸ್ಟವ್, ಕಿಟಕಿಗೆ ಮುಖಮಾಡಿದ ಕುರ್ಚಿ. ಅದರ ಬುಡದಲ್ಲೇ ಅಜ್ಜಿ ಬಿದ್ದಿದ್ದು. ಹುಡುಗಿ ಬಗ್ಗಿ ಹೊರಗೆ ನೋಡಿದಳು.

ಗಾಳಿಗೆಂದು ಬಿಟ್ಟ ಇಕ್ಕಟ್ಟಾದ ಸಂದಿ. ಅದರಾಚೆ ಅವರದೇ ಅಡುಗೆಮನೆ. ಊಟದ ಮೇಜು, ಅಪ್ಪನ ಲೋಟ, ಬೆಳಿಗ್ಗೆ ತಾನು ತಿನ್ನದೆ ಬಿಟ್ಟ ಬ್ರೆಡ್ಡಿನ ಅಂಚು. ಎಲ್ಲ ಕೈಗೆಟುಕುವಷ್ಟು ಹತ್ತಿರ. ಆ ಕಡೆಯಿಂದ ಈ ಕಿಟಕಿ ಯಾವಾಗಲೂ ಬರೀ ಕತ್ತಲೆಯ ಚೌಕವಾಗಿತ್ತು.

"ಅಮ್ಮ, ನಾವು ಮಾತಾಡೋದು ಅಜ್ಜಿಗೆ ಕೇಳಿಸ್ತಿತ್ತಾ?"

ಪೊರಕೆಯ ಸದ್ದು ನಿಂತಿತು.

ಸಂಜೆ ಅಡುಗೆಗೂ ಮೊದಲು ಅಮ್ಮ ಸ್ಟೂಲು ಹತ್ತಿ, ತಮ್ಮ ಅಡುಗೆಮನೆಯ ಕಿಟಕಿಗೆ ಹಳೆಯ ಬೆಡ್‌ಶೀಟು ಬಿಗಿದಳು. ಒಂದು ಮೂಲೆ ಜಾರಿ ಜಾರಿ ಬೀಳುತ್ತಿತ್ತು. ಊಟದ ನಡುವೆ ಅಮ್ಮ ಮತ್ತೆ ಮತ್ತೆ ಎದ್ದು, ಎಂಜಲು ಕೈಯಲ್ಲೇ ಅದನ್ನು ಎಳೆದು ಹಿಡಿದಳು.