ನಾಲ್ಕನೆಯ ಹೆಸರು

ಫ್ಯಾನು ಈ ಕಡೆ ತಿರುಗಿದಾಗಲೆಲ್ಲ ಹುಡುಗಿಯ ಮೇಜಿನ ಮೇಲಿನ ಕಾಗದ ಏಳುತ್ತದೆ, ಅವಳು ಮೊಣಕೈ ಒತ್ತುತ್ತಾಳೆ, ಮತ್ತೆ ಏಳುತ್ತದೆ, ಅದರ ಮೇಲೆ ಒಂದು ಕಲ್ಲಾದರೂ ಇಡಬಾರದೇ ತಾಯಿ, ವಕೀಲರ ಆಫೀಸಂತೆ, ಕೂತರೆ ಕುರ್ಚಿ ಓಲಾಡುತ್ತದೆ—ಕಾಲು ಬೇರೆ ಊದಿದೆ, ಮೂವತ್ಮೂರು ವರ್ಷ ಜಾರ್ಜ್‌ಟೌನಿನ ಆಸ್ಪತ್ರೆಯಲ್ಲಿ ನರ್ಸಾಗಿ ನಿಂತ ಕಾಲು, ನಮ್ಮ ಕರಿಯರ ಮನೆಗಳಲ್ಲಿ ಹೆಣ್ಣಾದರೆ ನರ್ಸು ಇಲ್ಲವೇ ಟೀಚರು, ಗಂಡಾದರೆ ಪೊಲೀಸು, ಏನಾದರೂ ಆಗಿ, ಕಬ್ಬಿನ ಗದ್ದೆಗೆ ಮಾತ್ರ ಮತ್ತೆ ಇಳಿಯಬೇಡಿ ಅಂದಿದ್ದಳು ಅಜ್ಜಿ, ಇಳಿಯಲಿಲ್ಲ, ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಲೇ ಆಯುಷ್ಯ ಸವೆಯಿತು. ಪಕ್ಕದಲ್ಲಿ ತಮ್ಮ ಕ್ಲೆಮೆಂಟ್, ಪೊಲೀಸು ಕೆಲಸ ಬಿಟ್ಟು ಆರು ವರ್ಷವಾದರೂ ಬೆನ್ನು ಬಾಗಿಸಿ ಕೂರುವುದನ್ನು ಕಲಿತಿಲ್ಲ. ಆಂಟಿ, ನಿಮ್ಮಪ್ಪನ ಮಕ್ಕಳ ಹೆಸರೆಲ್ಲ ಹೇಳಿ, ಹಿರಿಯವರು ನೀವು, ಪ್ರಮಾಣ ನೀವೇ ಮಾಡಬೇಕು, ಅನ್ನುತ್ತಾಳೆ ಹುಡುಗಿ. ಬರ್ಕೊಳಮ್ಮ—ಅಯೋಲಾ, ಅಂದರೆ ನಾನು, ಕ್ಲೆಮೆಂಟ್, ಲಿಂಡನ್‌ನಲ್ಲಿರುವ ಯೂನಾ. ಮೂರು ಹೆಸರು. ಮೂರಕ್ಕೇ ನಿಲ್ಲಿಸ್ಬೇಕಕ್ಕಾ, ಬಸ್ಸಿನಲ್ಲಿ ಬರುವಾಗ ಕ್ಲೆಮೆಂಟ್ ಕಿವಿಯಲ್ಲಿ ಹೇಳುತ್ತಲೇ ಬಂದ, ಪ್ಯಾನ್ಸಿ ಹೆಸರು ಎತ್ತಿದ್ರೆ ಜಮೀನು ಮಾರೋಕೆ ಅವಳ ಸೈನೂ ಬೇಕು, ಅವಳು ಹಾಕಲ್ಲ, ಅವಳು ಹಾಕದಿದ್ರೆ ಕೊಳ್ಳೋಕೆ ಬಂದಿರೋ ಗೋದಾಮಿನವರು ಬೇರೆ ಜಾಗ ನೋಡ್ಕೋತಾರೆ, ನೀನು ಇನ್ನೂ ಎಷ್ಟು ಮಳೆಗಾಲ ಮನೆಯೊಳಗಿನ ನೀರು ಮೊಗೀತೀಯ ಹೇಳು, ಅವಳೇನು ನಮ್ಮಮ್ಮನ ಹೊಟ್ಟೇಲಿ ಹುಟ್ಟಿದ್ದಾ? ಇಲ್ಲ, ಅಪ್ಪನಿಗೆ ಬೇರೆ ಹೆಂಗಸಿನಲ್ಲಿ ಹುಟ್ಟಿದ್ದು, ಯಾವ ರಿಜಿಸ್ಟರಿನಲ್ಲೂ ಅಪ್ಪನ ಹೆಸರಿಲ್ಲ, ಇವನ ಮಾತಿನಲ್ಲಿ ಸುಳ್ಳೇನಿದೆ, ಅಯ್ಯೋ, ನನಗೂ ನೀರು ನುಗ್ಗದ ಒಂದು ಮನೆ ಬೇಡವೇ, ಬೇಕು, ಒಣಗಿದ ನೆಲದ ಮೇಲೆ ಕಾಲು ಚಾಚಿ ಮಲಗಬೇಕು, ಅಷ್ಟೇ.

ಆದರೆ ನಾನು ನೋಡಿದ್ದೇನಲ್ಲ. ಎಂಟು ವರ್ಷ ನನಗೆ, ಪ್ಯಾನ್ಸಿ ಹುಟ್ಟಿ ಒಂಬತ್ತನೆಯ ದಿನ, ಅಜ್ಜಿ ಆ ಹೆಂಗಸಿನ ಮನೆಯಿಂದ ಮಗುವಿನ ಹೊಕ್ಕುಳಬಳ್ಳಿಯನ್ನು ಬಟ್ಟೆಯಲ್ಲಿ ಸುತ್ತಿ ತಂದು ನಮ್ಮ ಹಿತ್ತಲಿನಲ್ಲೇ ಹೂತಳು, ಮೇಲೆ ತೆಂಗಿನ ಸಸಿ ನೆಟ್ಟು ಹಿಮ್ಮಡಿಯಿಂದ ಮಣ್ಣು ತುಳಿದಳು, ಅಮ್ಮ ಕಿಟಕಿ ಧಡಾರನೆ ಹಾಕಿಕೊಂಡಳು, ಅಜ್ಜಿ ತಲೆ ಎತ್ತಲಿಲ್ಲ, ಬಿರುಕುಬಿಟ್ಟ ಹಿಮ್ಮಡಿ, ಒಂದು ಸಲ, ಎರಡು ಸಲ, ಬಾಯಿ ಮುಚ್ಚಿಕೊಂಡು ನೋಡೇ ಅಯೋಲಾ, ಇಲ್ಲಿ ಹೂತದ್ದು ಇಲ್ಲಿಯದೇ, ಅಂದಳು. ನಮ್ಮೂರಿನವರು ಮಾಡಿಕೊಂಡ ಎಡವಟ್ಟು ಇದೇ, ಹೊಕ್ಕುಳಬಳ್ಳಿ ಹೂತ ಮೇಲೆ ಕಾಗದ ಯಾಕೆ ಅಂದುಕೊಂಡು ನಾಲ್ಕು ತಲೆಮಾರು ಸುಮ್ಮನೆ ಕೂತರು, ಜಮೀನು ಇವತ್ತಿಗೂ ಮುತ್ತಜ್ಜ ಕ್ವಾಮಿನನ ಹೆಸರಿನಲ್ಲೇ ಇದೆ. ಗುಲಾಮರಾಗಿದ್ದಾಗ ನಮ್ಮವರ ಹೆಸರನ್ನು ದೊರೆಗಳು ಹಸು ಕತ್ತೆಗಳ ಜೊತೆ ಪಟ್ಟಿಯಲ್ಲಿ ಬರೆದರಂತೆ, ಯಾರನ್ನು ಸೇರಿಸಬೇಕು ಯಾರನ್ನು ಬಿಡಬೇಕು ಎಲ್ಲ ಅವರ ಇಷ್ಟ, ಬಿಡುಗಡೆಯಾದ ಮೇಲೆ ಎಲ್ಲರೂ ಸೇರಿ ಆ ದೊರೆಯ ಹಾಳುಬಿದ್ದ ಹತ್ತಿ ತೋಟವನ್ನೇ ಕೊಂಡಾಗ ಮೊದಲ ಸಲ ತಮ್ಮ ಪಟ್ಟಿ ತಾವೇ ಮಾಡಿದರಂತೆ, ಅಕ್ಷರ ಬಾರದವರು ಶಿಲುಬೆ ಗುರುತು ಹಾಕಿ, ಒಬ್ಬರನ್ನೂ ಬಿಡದೆ. ಅಜ್ಜಿ ಇದನ್ನು ಹೇಳುವಾಗ ನಾವು ಆಕಳಿಸುತ್ತಿದ್ದೆವು.

ಆಂಟಿ? ಇವತ್ತು ಬೆಳಿಗ್ಗೆ ಪ್ಯಾನ್ಸಿ ಬೇಲಿಯ ಮೇಲಿಂದ ಬಟ್ಟಲು ಚಾಚಿದಳು, ತೆಂಗಿನಹಾಲಿನಲ್ಲಿ ಬೇಯಿಸಿದ ಅಲಸಂದೆ ಅನ್ನ, ಬಿಸಿಬಿಸಿ, ಆಫೀಸಿನೋರು ಕಾಯಿಸಿ ಕಾಯಿಸಿ ಸಾಯಿಸ್ತಾರೆ, ತಿಂದ್ಕೊಂಡು ಹೋಗಕ್ಕಾ, ಯಾವ ಆಫೀಸು ಎಂದು ಕೇಳಲಿಲ್ಲ, ಪುಣ್ಯಾತ್ಗಿತ್ತಿ, ಕೇಳಿದ್ದರೆ ನಾನೇನು ಹೇಳುತ್ತಿದ್ದೆ, ತಿಂದೆ, ತಳದ ಸೀಕಲನ್ನೂ ಬಿಡದೆ ಕೆರೆದು ತಿಂದೆ, ಅಪ್ಪ ಹಾಸಿಗೆ ಹಿಡಿದಾಗ ಊರಿಗೆಲ್ಲ ಶುಶ್ರೂಷೆ ಮಾಡುವ ನಾನು ಡ್ಯೂಟಿ ಡ್ಯೂಟಿ ಎನ್ನುತ್ತಿದ್ದೆ, ಹುಣ್ಣು ತೊಳೆದವಳು ಇವಳು—ಆಂಟಿ, ಬೇರೆ ಮಕ್ಕಳು ಯಾರಾದರೂ? ಕ್ಲೆಮೆಂಟ್ ಕೆಮ್ಮುತ್ತಾನೆ. ಹಿಮ್ಮಡಿ. ಸುಸ್ತಮ್ಮಾ ನನಗೆ, ಸುಸ್ತು, ಜಗಳ ಆಡುವ ತ್ರಾಣವಿಲ್ಲ, ಯಾರೂ ಇಲ್ಲಮ್ಮ ಎಂದು ಯಾರೋ ಹೇಳುತ್ತಿದ್ದಾರೆ, ನನ್ನದೇ ದನಿ, ವಾರ್ಡಿನಲ್ಲಿ ಸತ್ತವರ ಮನೆಯವರಿಗೆ ಸುದ್ದಿ ಹೇಳುತ್ತಿದ್ದ ಅದೇ ಮೆತ್ತನೆಯ ದನಿ. ಹಾಗಾದರೆ ಇಲ್ಲಿ ಸೈನ್ ಮಾಡಿ. ಮಾಡಿದೆ. ಕ್ಲೆಮೆಂಟ್ ನನ್ನ ಭುಜ ತಟ್ಟುತ್ತಾನೆ, ಏಳಕ್ಕಾ, ಮುಗೀತು, ನಡಿ, ಏಳಬೇಕು, ಕಾಲು ಏಳುತ್ತಿಲ್ಲ, ಅಜ್ಜಿಯ ಬಿರುಕುಬಿಟ್ಟ ಹಿಮ್ಮಡಿ, ಹಸಿ ಮಣ್ಣು, ಒಂದು ಸಲ, ಎರಡು ಸಲ, ಮತ್ತೆ, ತಲೆ ಎತ್ತದೆ, ಹಿಮ್ಮಡಿ