ಕುರ್ಚಿಯಲ್ಲಿ ಕೂತ ಚೋಲಾಳ ಅಪ್ಪ

ನಾಲ್ಕು ಗಂಟೆಗೆ ಭಾವನಿಗೆ ಉತ್ತರ ಹೇಳಬೇಕಿತ್ತು. ಆದರೂ ಕಟೋಂಗೊ ಆ ಶನಿವಾರ ಕಥೆ ಬರೆಯುವ ತರಗತಿಗೆ ಬಂದು ಕೂತಿದ್ದಳು. ಮನೆಯಲ್ಲಿದ್ದರೆ ತಲೆ ಕೆಟ್ಟುಹೋಗುತ್ತಿತ್ತು, ಮಗಳು ಚೋಲಾಳ ಮುಂದೆ ಆ ಮಾತು ಆಡುವ ಹಾಗೂ ಇರಲಿಲ್ಲ. ಅದಕ್ಕೇ ಭಾವನನ್ನು ಎನ್ಡೋಲಾ ಪಟ್ಟಣದ ಈ ಲೈಬ್ರರಿಗೇ ಬರಹೇಳಿದ್ದಳು.

ಏಳು ವರ್ಷದ ಹಿಂದೆ ಸೊಲ್ವೇಜಿಯ ಗಣಿಗೆ ಕೆಲಸಕ್ಕೆ ಹೋದ ಗಂಡ ಅಲ್ಲೇ ಇನ್ನೊಬ್ಬಳ ಜೊತೆ ಬಿಡಾರ ಹೂಡಿದ್ದ. ಈಗ ವಾಪಸು ಬರಲೇ ಎಂದು ತನ್ನ ಅಣ್ಣನಾದ ಈ ಭಾವನ ಬಾಯಲ್ಲಿ ಕೇಳಿಸಿದ್ದ. ಬೆಳಿಗ್ಗೆ ಎದ್ದಾಗ ಅವಳಿಗೆ ಬೇಡ ಅನಿಸಿತ್ತು. ಪಾತ್ರೆ ತೊಳೆಯುವಾಗ ಬರಲಿ ಅನಿಸಿತು. ಮಿನಿಬಸ್ಸಿನಲ್ಲಿ ಮತ್ತೆ ಬೇಡ.

ಅವಳು ಬರೆಯುತ್ತಿದ್ದ ಕಥೆಯೂ ಮನೆ ಬಿಟ್ಟುಹೋಗಿ ಈಗ ವಾಪಸು ಬರಹೊರಟ ಗಂಡಸಿನದೇ. ಅವನು ಯಾರೆಂದು ತರಗತಿಯಲ್ಲಿ ಯಾರಿಗೂ ಹೇಳಿರಲಿಲ್ಲ. ನಲವತ್ತು ಪುಟ ಅವನನ್ನು ಚೆನ್ನಾಗಿ ಬೈದಿದ್ದಳು, ಬೈದಷ್ಟೂ ಸಾಲದಾಗಿತ್ತು.

"ನಿಮ್ಮ ಗಂಡಸು ಬರೀ ಕೆಟ್ಟವನಮ್ಮ," ಎಂದರು ಲುಬಿಂಡಾ ಮೇಷ್ಟ್ರು. "ಕೆಟ್ಟವನಿಗೂ ಏನೋ ಒಂದು ಬೇಕಾಗಿರುತ್ತಲ್ಲ? ಬನ್ನಿ, ಕುರ್ಚೀಲಿ ಕೂತ್ಕೊಳ್ಳಿ. ಈಗ ನೀವೇ ಅವನು. ನಾವು ಕೇಳ್ತೀವಿ, ಯೋಚಿಸ್ದೆ ಉತ್ತರ ಹೇಳ್ಬೇಕು."

ಕಟೋಂಗೊ ಗಡಿಯಾರ ನೋಡಿದಳು. ಮೂರೂವರೆ. ಹೋಗಿ ಕೂತಳು.

"ನಿನ್ನ ಹೆಸರೇನಪ್ಪ?"

"ಚೋಲಾಳ ಅಪ್ಪ."

ಎಲ್ಲರೂ ತಲೆಯೆತ್ತಿ ಅವಳನ್ನೇ ನೋಡಿದರು. ಮೊದಲ ಮಗು ಹುಟ್ಟಿದ ಮೇಲೆ ಆ ಕಡೆ ಯಾರೂ ತಾಯ್ತಂದೆಯರನ್ನು ಹೆಸರು ಹಿಡಿದು ಕರೆಯುವುದಿಲ್ಲ. ಹೆಂಡತಿಯ ಬಾಯಲ್ಲಂತೂ ಗಂಡನ ಹೆಸರು ಹೊರಡುವುದೇ ಇಲ್ಲ. ಆ ಕೋಣೆಯಲ್ಲಿದ್ದ ಒಂಬತ್ತು ಜನವೂ ಮೂರು ತಿಂಗಳಿಂದ ಅವಳನ್ನು ಕರೆಯುತ್ತಿದ್ದುದು ಚೋಲಾಳಮ್ಮ ಎಂದೇ. ಒಂದೇ ಮಾತಿಗೆ ಗುಟ್ಟೆಲ್ಲ ಬಯಲಾಗಿತ್ತು. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

ರೈಲ್ವೆಯಿಂದ ನಿವೃತ್ತರಾದ ಜೆರೆ ತಾತನೇ ಪಾರುಮಾಡಿದರು. "ಏನಪ್ಪಾ ಬೆಂಬಾ ಗಂಡ್ಸೇ, ಕೋತಿ ಮಾಂಸ ಹುಡುಕ್ಕೊಂಡು ಹೋಗಿ ದಾರಿ ತಪ್ಪಿದ್ಯಾ?"

"ಇಲಿ ತಿನ್ನೋ ಅಂಗೋನಿ ಮುದುಕರಿಗೆ ಅದೆಲ್ಲ ಯಾಕೆ?" ಎಂದು ಕಟೋಂಗೊ ತಿರುಗೇಟು ಕೊಟ್ಟಳು.

ಎಲ್ಲರೂ ನಕ್ಕರು. ಬೆಂಬಾ, ಅಂಗೋನಿ, ಈ ಎರಡು ಪಂಗಡದವರು ಹೀಗೆ ಕಿಚಾಯಿಸಿಕೊಳ್ಳದಿದ್ದರೆ ಉಂಡ ಅನ್ನ ಅರಗುವುದಿಲ್ಲ. ನಗುವಿನಲ್ಲಿ ಅವಳು ಎದ್ದುಬಿಡಬಹುದಿತ್ತು. ಎದ್ದರೆ ಮುಂದಿನ ಪ್ರಶ್ನೆ ಕೇಳಿಸುವುದಿಲ್ಲವಲ್ಲ ಎಂದು ಕೂತೇ ಇದ್ದಳು.

"ಈಗ್ಯಾಕೆ ವಾಪಸ್ ಬರ್ತಿದ್ದೀಯ?" ಎಂದರು ಮೇಷ್ಟ್ರು.

"ಅಲ್ಲಿಯೋಳು ಓಡಿಸಿದ್ಳು. ಕೆಮ್ಮು ಬೇರೆ. ಬೇಯಿಸಿ ಹಾಕೋರಿಲ್ಲ." ಇದನ್ನು ಹೇಳಲು ಅವಳಿಗೆ ಖುಷಿಯೇ ಆಯಿತು.

"ಮಗಳು ಹುಟ್ಟಿದ ದಿನ ನೆನಪಿದೆಯಾ?" ಮೂಲೆಯ ಹುಡುಗಿ ಕೇಳಿದಳು.

ಇಲ್ಲ ಎನ್ನಲು ಬಾಯಿ ತೆರೆದಳು. ಬಂದದ್ದು ಬೇರೆ. "ಚಳಿಗಾಲ. ಹೆಂಡ್ತೀನ ಸೈಕಲ್ ಮೇಲೆ ಕೂರಿಸ್ಕೊಂಡು ಆಸ್ಪತ್ರೆಗೆ ತಳ್ಕೊಂಡು ಹೋದೆ. ನನ್ನ ಕೋಟು ಅವ್ಳಿಗೆ ಹೊದಿಸಿದ್ದೆ."

ಅಂಥವನೂ ಆಗಿದ್ದ ಅವನು, ಅದೇ ಅವಳ ಸಂಕಟ.

"ಹೆಂಡತಿಯಿಂದ ನಿನಗೇನು ಬೇಕು?" ಮೇಷ್ಟ್ರ ದನಿ ಮೆತ್ತಗಾಗಿತ್ತು.

"ಏನೂ ಕೇಳ್ಬಾರ್ದು," ಎಂದಳು ಕಟೋಂಗೊ. "ನಾನು ಒಳಗೆ ಬರ್ಬೇಕು, ಊಟಕ್ಕೆ ಕೂರ್ಬೇಕು, ಅವ್ಳು ಎಲ್ಲಿದ್ದೆ ಅಂತ ಕೇಳ್ಬಾರ್ದು."

ಕಟೋಂಗೊ ಚೀಲ ತೆಗೆದುಕೊಂಡು ಹೊರಗೆ ಬಂದಳು. ತಾನೇ ಕಟ್ಟಿದ ಮಾತಿರಬಹುದು, ಅವನು ಹಾಗಿಲ್ಲದಿರಬಹುದು ಎಂದು ಅಂಗಳ ದಾಟುವಷ್ಟು ಹೊತ್ತೂ ಆಸೆಪಟ್ಟಳು.

ಭಾವ ಆಗಲೇ ಗೇಟಿನ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಒಳ್ಳೆಯ ಮನುಷ್ಯ.

"ಬಂದ್ರೆ ನನ್ನತ್ರ ಏನು ಹೇಳ್ತಾರಂತೆ ಭಾವ?"

"ಹೇಳೋದೇನಿದೆಯಮ್ಮ? ಆಗಿದ್ದು ಆಗೋಯ್ತು. ಸುಮ್ನೆ ಬಂದು ಇರ್ತಾನೆ. ಹಳೇದೆಲ್ಲ ಕೆದಕ್ಬಾರ್ದು, ಅದೊಂದೇ ಅವ್ನು ಕೇಳಿರೋದು."

ಪಾತ್ರ ಸರಿಯಾಗಿ ಸಿಕ್ಕಿತ್ತು. ತಪ್ಪಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಳು ಬಂತು.

"ಹಾಗಾದ್ರೆ ಬೇಡ. ಕೇಳ್ದೆ ಇರೋಕೆ ನನ್ ಕೈಲಾಗಲ್ಲ. ಅವರು ಉತ್ತರ ಹೇಳ್ತೀನಿ ಅಂದ ದಿನ ಬರ್ಲಿ, ಬಾಗಿಲು ತೆಗೀತೀನಿ."

ಭಾವ ಟೋಪಿ ತಲೆಗಿಟ್ಟುಕೊಂಡ. "ಅವ್ನು ಬರಲ್ಲಮ್ಮ," ಎಂದ.

"ಗೊತ್ತು," ಎಂದಳು ಕಟೋಂಗೊ.